ಜವರ ಕೋಳಿ ಸಾಗಿಸಿದ್ದು

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ನಿಂಗಾಜಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಗ ಜವರನಿಗೆ ಸಿಟ್ಟು ಅಂದರೇನು ಅಂತಲೇ ಗೊತ್ತಿಲ್ಲ. ಭತ್ತದ ಮೂಟೆಯನ್ನು ಕೂಸಿನ ಹಾಗೆ ಎತ್ತಿಕೊಳ್ಳುವ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಕರ್ಮ.

ಗಂಡ ಸತ್ತ ಮೇಲೆ ಮನೆ ಪಾಲಾಯಿತು. ಹಿತ್ತಲಿನ ಮಾಡು ಮೈದುನ ಕಾಳೇಗೌಡನ ಪಾಲಿಗೆ ಹೋಯಿತು. ನಿಂಗಾಜಮ್ಮನಿಗೆ ಉಳಿದ ಜೀವ ಅಂದರೆ ಆ ಮಾಡಿನ ಮೂಲೆಯಲ್ಲಿದ್ದ ಕೋಳಿಗಳು. ಒಂದು ಕರಿ ಹೇಂಟೆ, ಅದರ ಹಿಂದೆ ಒಂದು ಹಿಂಡು ಮರಿ. ಮೊಟ್ಟೆ ಮೇಲೆ ಕಾವಿಗೆ ಕೂತ ಒಂದು ಕೆಂದು ಹೇಂಟೆ. ಒಂದು ಹುಂಜ.

ಕಾಳೇಗೌಡ ಬಂದು ನಿಂತ. ಕಡ್ಡಿಯಂಥ ಆಳು, ಮಾತು ಮಾತ್ರ ದಪ್ಪ.

“ಇವತ್ತು ಹೊತ್ತು ಮುಳುಗೋದರೊಳಗೆ ಮೂಲೆ ಖಾಲಿಯಾಗಬೇಕು ಅತ್ತಿಗೆ. ನಿನ್ನ ಹೊಸ ಗೂಡಿಗೆ ಹೋದದ್ದು ನಿಂದು. ಇಲ್ಲಿ ಉಳಿದದ್ದು ನನ್ನ ಸಾರಿಗೆ.”

“ಕಾವಿಗೆ ಕೂತಿರೋದನ್ನ ಹಗಲು ಹೊತ್ತು ಎಬ್ಬಿಸಬಾರದು ಕಣಪ್ಪ. ಕತ್ತಲಾಗಲಿ, ತಡಿ.”

“ಖಾರ ಅರೆಯೋಕೆ ಹೇಳಿ ಬಂದಿದೀನಿ” ಅಂದ, ಹೋದ.

ಹೊಸ ಗೂಡನ್ನು ಸೀಬೆ ಮರದ ಕೆಳಗೆ ಅವಳೇ ಮಣ್ಣು ಮೆತ್ತಿ ಕಟ್ಟಿದ್ದಳು. ಸೊಂಟದೆತ್ತರ, ಎರಡು ಕೋಣೆ, ತಗಡಿನ ಬಾಗಿಲು. ಒಂದು ಕೋಣೆ ಮರಿಗಳಿಗೆ, ಒಂದು ಕಾವಿಗೆ. ಕಟ್ಟುವಾಗಲೇ ಕಾಲು ಉಳುಕಿ ಈಗ ಮುಂದಿನ ಜಗಲಿ ಮೇಲೆ ಕೂತಿದ್ದಳು. ಇನ್ನು ಮಗನೇ ಗತಿ.

“ಜವರ, ಮರಿಗಳನ್ನ ಹೊಸ ಗೂಡಿಗೆ ಬಿಟ್ಟು ಬಾರೋ.”

ಜವರ ಮರಿಗಳನ್ನು ಬುಟ್ಟಿಗೆ ತುಂಬಿದ, ಬಿಟ್ಟ, ಬಂದ. ಕರಿ ಹೇಂಟೆ ಹುಚ್ಚು ಹಿಡಿದ ಹಾಗೆ ಹಿತ್ತಲೆಲ್ಲ ಓಡಾಡಿತು. ಅದರ ದನಿ ಕೇಳಿ ಮರಿಗಳು ತಗಡಿನ ಸಂದಿಯಲ್ಲಿ ನುಸುಳಿ ಹಳೇ ಮೂಲೆಗೇ ಓಡಿಬಂದವು.

“ತಾಯಿನ ಯಾಕೋ ಬಿಟ್ಟೆ?”

“ತಾಯಿ ವಿಚಾರ ನೀನು ಹೇಳಲಿಲ್ಲವಲ್ಲ ಅವ್ವಾ.”

“ನಿನ್ನ ಬುದ್ಧಿಗೆ ಮಣ್ಣು ಹಾಕ. ತಾಯಿನ ಎತ್ತಿಕೊಂಡು ನಡಿ, ಬಾ ಬಾ ಅಂತ ಕರಿ. ಹಿಂದಿರೋವು ತಾವಾಗೇ ಬರ್ತವೆ.”

“ಆಗಲಿ ಅವ್ವಾ, ಹಾಗೇ ಮಾಡ್ತೀನಿ.”

ಹಾಗೇ ಮಾಡಿದ. ಕರಿ ಹೇಂಟೆ ಮುಂದೆ, ಮರಿಗಳು ಹಿಂದೆ, ಎಲ್ಲ ಗೂಡು ಸೇರಿದವು.

“ಇನ್ನು ಕೆಂದು ಹೇಂಟೆ, ಅದರ ಮೊಟ್ಟೆ. ಹೋಗು.”

ಹೋದವನು ಬರಲಿಲ್ಲ. ಹಿತ್ತಲಿಂದ ಬಾ ಬಾ ಅನ್ನುವುದು ಮಾತ್ರ ಕೇಳುತ್ತಿತ್ತು. ನಿಂಗಾಜಮ್ಮ ಕೋಲೂರಿಕೊಂಡು ಕುಂಟುತ್ತ ಬಂದು ನೋಡಿದರೆ, ಇವನ ಕೈ ಕುಕ್ಕಿ ಹೇಂಟೆ ಆಗಲೇ ಮೂಲೆಗೆ ಹಾರಿಹೋಗಿತ್ತು. ಇವನು ಸೀಬೆ ಮರದಡಿ ನಿಂತು ಕರೆಯುತ್ತಲೇ ಇದ್ದ.

“ಯಾರನ್ನೋ ಕರೀತಿದೀಯ?”

“ಮೊಟ್ಟೆಗಳನ್ನ. ಎಷ್ಟು ಕರೆದರೂ ಬರ್ತಿಲ್ಲ. ಹಟಮಾರಿ ಮೊಟ್ಟೆ.”

“ಮೊಟ್ಟೆಗೆ ಕಾಲು ಕೊಟ್ಟೋರು ಯಾರೋ, ನಿಮ್ಮ ತಾತನಾ? ಆರಿಹೋದರೆ ಒಂದೂ ಮರಿಯಾಗಲ್ಲ. ಮೊಟ್ಟೆನ ಬುಟ್ಟೀಲಿ ಹೊಟ್ಟು ಹಾಕಿ ಒಯ್ಯಿ. ಆಮೇಲೆ ಕೋಳಿಗೆ ಕಂಬಳಿ ಮುಚ್ಚಿ ಎತ್ತಿಕೊಂಡು ಹೋಗು. ದಾರಿ ಕಂಡರೆ ವಾಪಸ್ ಬಂದುಬಿಡುತ್ತೆ. ಒಳಗೆ ಕೂರಿಸು, ಬಾಗಿಲಿಗೆ ಕಲ್ಲು ಒತ್ತು. ಸಂದೀಲಿ ರಾಗಿ ಹಾಕು, ನೀರಿಡು. ಎಷ್ಟೇ ಕೂಗಾಡಿದರೂ ಮರಿ ಆಗೋವರೆಗೆ ಎಬ್ಬಿಸಬೇಡ.”

“ಆಗಲಿ ಅವ್ವಾ, ಹಾಗೇ ಮಾಡ್ತೀನಿ.”

ಮೊಟ್ಟೆ ಸರಿಯಾಗೇ ಒಯ್ದ. ಆಮೇಲೆ ಕಂಬಳಿ ಹಿಡಿದು ಬಂದ. ಎದುರಿಗೆ ಹುಂಜ ನಿಂತಿತ್ತು. ಮುಚ್ಚಿದ, ಎತ್ತಿದ, ಕೂರಿಸಿದ, ಕಲ್ಲು ಒತ್ತಿದ. ಒಳಗೆ ಹುಂಜ ಒದ್ದಾಡಿ ಎರಡು ಮೊಟ್ಟೆ ಒಡೆದುಹಾಕಿತು. ಅದರ ಕೂಗಿಗೆ ನಿಂಗಾಜಮ್ಮ ಮತ್ತೆ ಕುಂಟುತ್ತ ಬಂದಳು. ಹುಂಜವನ್ನು ಎಳೆದು ಮರಿಗಳ ಕೋಣೆಗೆ ಬಿಟ್ಟಳು. ಒಡೆದ ಮೊಟ್ಟೆ ನೋಡಿದಳು. ಕೋಲು ಮಗನ ಬೆನ್ನಿಗೆ ಬಿತ್ತು.

“ಹುಂಜ ಕಾವಿಗೆ ಕೂರುತ್ತೇನೋ? ನಿನ್ನ ಹೆತ್ತಿದ್ದು ನಿಮ್ಮಪ್ಪನೇನೋ?”

“ನೀನು ಕೋಳಿ ಅಂದೆ ಅವ್ವಾ.”

“ಹೊತ್ತು ಇಳೀತು, ಆ ಪಾಪಿ ಖಾರ ಅರೆಸಿ ಕಾಯ್ತಿದಾನೆ, ನೀನು ನನ್ನ ಹೊಟ್ಟೆ ಉರಿಸು. ಸರಿಯಾಗಿ ಕೇಳಿಸ್ಕೊ. ಹಳೇ ಮೂಲೇಲಿ, ಹುಲ್ಲಿನ ಮೇಲೆ, ಮುದುರಿಕೊಂಡು ಕೂತಿರುತ್ತೆ. ಹತ್ತಿರ ಹೋದರೂ ಏಳಲ್ಲ. ಮುಟ್ಟಿದರೆ ಮೈ ಉಬ್ಬಿಸಿ ಗುರುಗುಟ್ಟುತ್ತೆ. ಕುಕ್ಕೋಕೆ ಬರುತ್ತೆ. ಅದನ್ನೇ ತರಬೇಕು. ಬೇರೆ ಯಾವುದನ್ನ ಮುಟ್ಟಿದೆಯೋ, ಇವತ್ತು ನಿನಗೆ ಮುದ್ದೆ ಇಲ್ಲ.”

“ಆಗಲಿ ಅವ್ವಾ, ಹಾಗೇ ಮಾಡ್ತೀನಿ.”

ಇತ್ತ ಕಾಳೇಗೌಡನಿಗೆ ಹೊತ್ತು ಮುಳುಗುವವರೆಗೂ ತಾಳ್ಮೆ ಇರಲಿಲ್ಲ. ಮೆಲ್ಲಗೆ ಮಾಡಿನೊಳಗೆ ಬಂದ. ಕೆಂದು ಹೇಂಟೆಯನ್ನು ಹಿಡಿದು, ಕೊಕ್ಕು ಅದುಮಿ, ಹೊದ್ದ ಟವೆಲ್ಲಿನೊಳಗೆ ಬಚ್ಚಿಟ್ಟುಕೊಂಡ. ಯಾರೋ ಬಂದ ಸದ್ದಾಯಿತು. ಕೋಳಿ ಕಾಣಬಾರದು ಅಂತ ಅದೇ ಹುಲ್ಲಿನ ಮೇಲೆ ಮುದುರಿಕೊಂಡು ಕೂತುಬಿಟ್ಟ.

ಬಂದವನು ಜವರ. ಮೂಲೆ ನೋಡಿದ. ಹುಲ್ಲು ನೋಡಿದ. ಮುದುರಿಕೊಂಡು ಕೂತದ್ದನ್ನು ನೋಡಿದ.

“ಏಳು ಚಿಕ್ಕಪ್ಪ.”

ಏಳಲಿಲ್ಲ. ಜವರ ಭುಜ ಮುಟ್ಟಿದ.

“ಮುಟ್ಟಬೇಡ ಕಣೋ ಮುಟ್ಠಾಳ” ಅಂತ ಕಾಳೇಗೌಡ ಮೈ ಉಬ್ಬಿಸಿ ಗುರುಗುಟ್ಟಿದ. ಕೈ ಹಿಡಿದರೆ ಉಗುರಲ್ಲಿ ಪರಚಿದ.

ಅವ್ವ ಹೇಳಿದ್ದು ಒಂದೂ ತಪ್ಪಿರಲಿಲ್ಲ. ಜವರ ಕಂಬಳಿ ಮುಚ್ಚಿದ, ಎತ್ತಿದ, ನಡೆದ. ಕಾವಿನ ಕೋಣೆಗೆ ಮಡಚಿ ಕೂರಿಸಿದ, ಕಂಬಳಿ ಎಳೆದುಕೊಂಡ, ಬಾಗಿಲು ಹಾಕಿ ಕಲ್ಲು ಒತ್ತಿದ. ಟವೆಲ್ಲಿನಿಂದ ಬಿಡಿಸಿಕೊಂಡ ಕೆಂದು ಹೇಂಟೆ ನೆಟ್ಟಗೆ ತನ್ನ ಮೊಟ್ಟೆ ಮೇಲೆ ಹೋಗಿ ಕೂತಿತು. ಕಾಳೇಗೌಡ ಅಲುಗಿದಾಗೆಲ್ಲ ಅವನ ಮೊಣಕಾಲಿಗೆ ಕುಕ್ಕಿತು.

ನಿಂಗಾಜಮ್ಮ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮೂಲೆ ಖಾಲಿಯಿತ್ತು. ಗೂಡಿನಿಂದ ಗಂಡಸಿನ ದನಿ ಬರುತ್ತಿತ್ತು. ಬಗ್ಗಿ ಸಂದಿಯಲ್ಲಿ ನೋಡಿದಳು. ಹೇಂಟೆ ನೋಡಿದಳು, ಮೈದುನನನ್ನು ನೋಡಿದಳು, ಅವನ ಟವೆಲ್ಲಿಗೆ ಅಂಟಿದ ಕೆಂದು ಪುಕ್ಕ ನೋಡಿದಳು. ಕೋಲಿನಿಂದ ತಗಡಿನ ಮೇಲೆ ಬಡಿದಳು.

“ಹೊಸ ಗೂಡಿಗೆ ಬಂದದ್ದು ಯಾರದು ಕಾಳೇಗೌಡ?”

“ನಿಂದೇ ಕಣತ್ತಿಗೆ. ಕೋಳಿ ನಿಂದೇ. ನನ್ನ ಬಿಡಿಸು.”

“ಕಳ್ಳ ನನ್ಮಗನೇ. ತೆಗೆಯೋ ಜವರ ಬಾಗಿಲು, ಅವನ ಮುಖಕ್ಕೆ ಉಗೀಬೇಕು.”

ಜವರ ಕಲ್ಲಿನ ಮೇಲೆ ಭದ್ರವಾಗಿ ಕೂತುಕೊಂಡ.

“ಎಷ್ಟೇ ಕೂಗಾಡಿದರೂ ಎಬ್ಬಿಸಬೇಡ ಅಂದಿದೀಯ ಅವ್ವಾ” ಅಂದು, ಸಂದಿಯಲ್ಲಿ ಒಂದು ಹಿಡಿ ರಾಗಿ ಹಾಕಿ, ತೆಂಗಿನ ಚಿಪ್ಪಿನಲ್ಲಿ ನೀರಿಟ್ಟ. “ತಿನ್ನು ಚಿಕ್ಕಪ್ಪ. ಇನ್ನೊಂದು ವಾರಕ್ಕೆ ಮರಿ ಆಗ್ತವೆ.”