ಎರಡು ಕೊಂಬು ಬೂದಿ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಎಂದು ಕೇಳಬೇಡಿ, ಮುತ್ತಜ್ಜಂದಿರಿಗೂ ಗೊತ್ತಿರಲಿಲ್ಲ. ಹುರುಳಿಗುಡ್ಡ ಎಂಬ ಊರಿತ್ತು. ಈಗಲೂ ಇದೆ. ಗುಡ್ಡದ ಮೇಲೆ ಕೋಟೆ, ಕೋಟೆಗೆ ಒಬ್ಬ ನಾಯಕ, ನಾಯಕನಿಗೆ ಅರವತ್ತು ಕೋವಿಯವರು. ಆ ಅರವತ್ತು ಜನಕ್ಕೆ ಕೋವಿ ಕಲಿಸುತ್ತಿದ್ದವನು ಗಾದ್ರಯ್ಯ.

ಗಾದ್ರಯ್ಯನ ಬಗ್ಗೆ ಏನೇನೋ ಹೇಳುತ್ತಾರೆ. ಕೋವಿಯ ನಳಿಗೆ ಮೂಸಿ ನೋಡಿ, ಅದು ನಿನ್ನೆ ಎಷ್ಟು ಸಲ ಹಾರಿದೆ ಎಂದು ಹೇಳುತ್ತಿದ್ದನಂತೆ. ಹುಣಸೆಕಾಯಿಯ ತೊಟ್ಟಿಗೆ ಗುಂಡು ಹೊಡೆದು, ಕಾಯಿ ನೆಲಕ್ಕೆ ಬೀಳುವುದರೊಳಗೆ ಮತ್ತೆ ಕೋವಿ ತುಂಬುತ್ತಿದ್ದನಂತೆ. ಅದು ಸುಳ್ಳು. ಅಷ್ಟು ಬೇಗ ಯಾರೂ ತುಂಬಲಾರರು. ಆದರೆ ಅವನ ಹತ್ತಿರ ಕಲಿತ ಒಬ್ಬನೂ ಬೆರಳು ಸುಟ್ಟುಕೊಂಡಿರಲಿಲ್ಲ. ಅದು ನಿಜ.

ಅವನ ಸೊಂಟದಲ್ಲಿ ಮೇಕೆಕೊಂಬಿನ ಅಳತೆಯೊಂದು ತೂಗುತ್ತಿತ್ತು. ಒಂದು ಕೊಂಬು ಮದ್ದು, ಒಂದು ಗುಂಡು. ಹೆಚ್ಚಿಲ್ಲ, ಕಡಿಮೆಯಿಲ್ಲ. ನಿಜವಾದ ಮದ್ದು ಹಾಕಿ ನೂರು ಸಲ ಹಾರಿಸದವನನ್ನು ಅವನು ಕೋಟೆಯ ಬಾಗಿಲಿಗೆ ನಿಲ್ಲಿಸುತ್ತಿರಲಿಲ್ಲ. ವೈರಿ ಎದುರಿಗೆ ಬಂದಾಗ ತಲೆ ಕೆಲಸ ಮಾಡುವುದಿಲ್ಲ, ಕೈ ಮಾಡುತ್ತದೆ, ಅದಕ್ಕೇ ಕೈಗೆ ಕಲಿಸಬೇಕು ಎನ್ನುತ್ತಿದ್ದನಂತೆ. ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಆಮೇಲೆ ಸಿರುಮಪ್ಪ ದಳವಾಯಿಯಾಗಿ ಬಂದ. ಹುಟ್ಟಿದಾಗಿನಿಂದ ಒಂದು ಗುಂಡನ್ನೂ ಹಾರಿಸಿದವನಲ್ಲ. ಆದರೆ ಕೋವಿ ಆರಿಸುವ ಅಧಿಕಾರ ಅವನದು. ಗಾದ್ರಯ್ಯನ ಕೋವಿಗಳು ಮೋಟು, ದಪ್ಪ, ಕಪ್ಪು. ನೆರೆಯ ಪಾಳೆಯದವರು ಬಂದರೆ ಇವನ್ನು ತೋರಿಸಲು ನಾಚಿಕೆಯಾಗುತ್ತದೆ ಎಂದ ದಳವಾಯಿ. ಘಟ್ಟದ ಕೆಳಗಿನ ವ್ಯಾಪಾರಿಯಿಂದ ಅರವತ್ತು ಹೊಸ ಕೋವಿ ತರಿಸಿದ. ಉದ್ದನೆಯ ನಳಿಗೆ, ಮೈತುಂಬ ಬೆಳ್ಳಿಯ ಬಳ್ಳಿ.

ಗಾದ್ರಯ್ಯ ಒಂದನ್ನು ಎತ್ತಿ ಉಗುರಿನಿಂದ ತಟ್ಟಿದ. ಕಿವಿಗೊಟ್ಟು ಕೇಳಿದ. ನಳಿಗೆ ತೆಳುವಾಗಿದೆ, ಮುಕ್ಕಾಲು ಕೊಂಬಿಗಿಂತ ಹೆಚ್ಚು ತಡೆಯದು, ಹುಡುಗರಿಗೆ ಮೊದಲಿನಿಂದ ಕಲಿಸಬೇಕು, ಮದ್ದು ಕೊಡಿಸಿ ಎಂದ.

ಮದ್ದು ಎಲ್ಲಿತ್ತು? ದಳವಾಯಿ ಮನೆಯಿಂದ ಹೊರಟರೆ ಅವನ ಮನೆಯಾಳುಗಳು ಐದು ಹಳೆಯ ಕೋವಿ ಹಾರಿಸಬೇಕು. ಮನೆಗೆ ಬಂದರೆ ಐದು. ಅವನ ಎಮ್ಮೆ ಕರು ಹಾಕಿದ ದಿನವೂ ಹಾರಿಸಿದರು ಎಂದು ಹೇಳುತ್ತಾರೆ. ಮರ್ಯಾದೆಗೆ ಮದ್ದಿತ್ತು, ಕಲಿಕೆಗೆ ಇರಲಿಲ್ಲ. ಕವಾಯತಿಗೆ ಒಲೆಯ ಬೂದಿ ಸಾಕು ಎಂದು ಅಪ್ಪಣೆಯಾಯಿತು. ಬೂದಿ ಅಳೆಯುವುದು, ನಳಿಗೆಗೆ ಸುರಿಯುವುದು, ಕಡ್ಡಿಯಿಂದ ಜಡಿಯುವುದು, ಗುರಿ ಹಿಡಿಯುವುದು, ಕೋವಿ ಬಗ್ಗಿಸಿ ಬೂದಿ ಉದುರಿಸುವುದು. ಇದು ಕವಾಯತು.

ಗಾದ್ರಯ್ಯನ ತಂಗಿಯ ಮಗ ಬೋಸಯ್ಯನೂ ಆ ಅರವತ್ತರಲ್ಲಿ ಒಬ್ಬ. ತಮಾಷೆಯವನು. "ಮಾವ, ವೈರಿ ಬಂದರೆ ಅವರ ಪಾತ್ರೆ ಬೆಳಗಿ ಕಳಿಸೋಣ ಬಿಡು" ಎಂದನಂತೆ. ಎಲ್ಲರೂ ನಕ್ಕರು. ಗಾದ್ರಯ್ಯ ನಗಲಿಲ್ಲ.

ಒಂದು ಕೊಂಬು ಬೂದಿ ಉದುರಿದರೆ ಬುರುಜಿನ ಮೇಲೆ ಕುಳಿತ ದಳವಾಯಿಗೆ ಕಾಣಿಸುತ್ತಿರಲಿಲ್ಲ. ಎರಡೆರಡು ಕೊಂಬು ಹಾಕಿ, ಹೊಗೆ ಎದ್ದ ಹಾಗೆ ಕಾಣಲಿ ಎಂದ.

ಅವತ್ತು ಗಾದ್ರಯ್ಯ ಬುರುಜು ಹತ್ತಿದ.

"ಬುದ್ಧಿ, ಎರಡು ಅಂತ ಕಲಿತ ಕೈ ಎರಡೇ ಹಾಕುತ್ತೆ. ನಾಳೆ ಮದ್ದು ಕೊಟ್ಟಾಗ ಅದಕ್ಕೆ ಬೂದಿ ಯಾವುದು, ಮದ್ದು ಯಾವುದು ಗೊತ್ತಾಗಲ್ಲ."

ಮುದುಕನಿಗೆ ಢಂ ಅನ್ನದಿದ್ದರೆ ಅನ್ನ ಸೇರುವುದಿಲ್ಲ ಎಂದ ದಳವಾಯಿ. ಸುತ್ತ ಇದ್ದವರು ನಕ್ಕರು. ಕೊಂಬು ಕಿತ್ತುಕೊಂಡು ಅವನನ್ನು ಮನೆಗೆ ಕಳಿಸಿದರು. ಗಾದ್ರಯ್ಯ ನಾಯಕನ ಹತ್ತಿರ ಹೋದ. ದಳವಾಯಿಗೆ ಎಲ್ಲ ತಿಳಿದಿದೆ ಎಂದ ನಾಯಕ. ತಿಳಿದಿತ್ತಂತೆ!

ಎರಡು ವರ್ಷ ಬೂದಿ ಉದುರಿತು.

ಒಂದು ಬೆಳಗ್ಗೆ ವೈರಿಗಳು ಗುಡ್ಡದ ಬುಡಕ್ಕೆ ಬಂದರು. ಆಗ ಮದ್ದು ಹಂಚಿದರು. ಅರವತ್ತು ಕೈ ಎರಡೆರಡು ಕೊಂಬು ಸುರಿದವು. ಗಾದ್ರಯ್ಯ ತನ್ನ ಮನೆಯ ಅಂಗಳದಲ್ಲಿ ನಿಂತಿದ್ದ. ಹಾರಿದ ಕೋವಿಯ ಸದ್ದು ಬೇರೆ, ಒಡೆದ ಕೋವಿಯ ಸದ್ದು ಬೇರೆ. ಅವನು ನಿಂತಲ್ಲೇ ಎಣಿಸಿದ. ಹನ್ನೊಂದು. ಇಬ್ಬರು ಗೋಡೆಯ ಮೇಲೇ ಸತ್ತರು. ಒಂಬತ್ತು ಜನ ಊನಗೊಂಡರು. ಬೋಸಯ್ಯನ ಬಲಗೈ ಮಣಿಕಟ್ಟಿನ ತನಕ ಇರಲಿಲ್ಲ. ಉಳಿದವರು ಹೆದರಿ ಕೋವಿ ಕೆಳಗಿಟ್ಟರು. ವೈರಿಗಳು ಊರ ದನವನ್ನೆಲ್ಲ ಹೊಡೆದುಕೊಂಡು ಹೋದರು.

ಮಾರನೆಯ ದಿನ ದಳವಾಯಿ ನಾಯಕನಿಗೆ ಹೇಳಿದ್ದೇನು ಗೊತ್ತೆ? ಕೋವಿ ಒಳ್ಳೆಯದು, ಕವಾಯತು ಸರಿಯಾಗಿತ್ತು, ಇವರೇ ಹೇಡಿಗಳು, ಗಾಬರಿಯಲ್ಲಿ ಏನೋ ತುಂಬಿದರು. ಕೋವಿ ಹಾಳು ಮಾಡಿದವರ ಹೊಲ ಕಿತ್ತುಕೊಳ್ಳಬೇಕು. ಕೈ ಹೋಗಿತ್ತು. ಇನ್ನು ಹೊಲ.

ಸಭೆ ಸೇರಿತು. ಒಂಬತ್ತು ಜನ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಗಾದ್ರಯ್ಯ ಒಡೆಯದ ಒಂದು ಹೊಸ ಕೋವಿ ಹಿಡಿದು ಬಂದ.

"ದೊರೆ, ಇವರು ತಪ್ಪು ತುಂಬಿದರಂತೆ. ಸರಿಯಾಗಿ ತುಂಬುವುದು ಹೇಗೆ ಅಂತ ದಳವಾಯಿಗಳೇ ತೋರಿಸಲಿ."

ದಳವಾಯಿ ನಕ್ಕು ಕೋವಿ ತೆಗೆದುಕೊಂಡ. ಎರಡು ವರ್ಷ ದಿನಾ ನೋಡಿದ್ದನಲ್ಲ. ಒಂದು ಕೊಂಬು ಮದ್ದು ಸುರಿದ. ಇನ್ನೊಂದು ಸುರಿದ. ಗುಂಡು ಹಾಕಿ ಜಡಿದು, ಎದೆಯುಬ್ಬಿಸಿ ನಿಂತ.

ಗಾದ್ರಯ್ಯ ಮದ್ದಿಗೆ ಕಿಡಿ ಮುಟ್ಟಿಸುವ ಬತ್ತಿ ಹೊತ್ತಿಸಿ ಅವನ ಮುಂದೆ ಹಿಡಿದ.

"ಹಾರಿಸಿ, ಬುದ್ಧಿ."

ಮೊದಲು ಆ ಒಂಬತ್ತು ಜನ ಹಿಂದೆ ಸರಿದರು. ಆಮೇಲೆ ಸಭೆ ಸರಿಯಿತು. ಕೊನೆಗೆ ನಾಯಕನೂ ಗದ್ದುಗೆ ಬಿಟ್ಟೆದ್ದು ಕಂಬದ ಹಿಂದೆ ನಿಂತನಂತೆ. ಸರಿಯದವನು ಗಾದ್ರಯ್ಯ ಒಬ್ಬನೇ. ಬತ್ತಿ ಹಿಡಿದ ಕೈ ಅಲುಗಲಿಲ್ಲ. ಆಗ ದಳವಾಯಿ ತನ್ನ ಕೈಯಲ್ಲಿದ್ದ ಕೋವಿಯನ್ನು ಮೊದಲ ಸಲ ಸರಿಯಾಗಿ ನೋಡಿದ.

ಹಚ್ಚಿದ, ಸತ್ತ ಎಂದು ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ. ಹಚ್ಚಲಿಲ್ಲ. ಅಂಥವರು ಹಚ್ಚುವುದಿಲ್ಲ. ಹಚ್ಚುವವರು ಬೇರೆ. ಕೋವಿಯನ್ನು ಮೆಲ್ಲನೆ ನೆಲಕ್ಕಿಟ್ಟು ಹೊರಗೆ ನಡೆದ.

ಹೊಲಗಳು ಉಳಿದವು. ಸತ್ತವರ ಮನೆಯ ಹೊಲವೂ ಉಳಿಯಿತು. ಏನು ಬೇಕು ಕೇಳು ಎಂದ ನಾಯಕ. ಗಾದ್ರಯ್ಯ ತನ್ನ ಕೊಂಬು ಕೇಳಿ ಪಡೆದು, ಬೋಸಯ್ಯನ ಎಡಗೈ ಹಿಡಿದು ಮನೆಗೆ ಹೋದ. ಸಿರುಮಪ್ಪ ಇನ್ನೊಂದು ಕೋಟೆಗೆ ದಳವಾಯಿಯಾದ ಎಂದು ಹೇಳುತ್ತಾರೆ. ಈ ಕತೆಯಲ್ಲಿ ಇದೊಂದನ್ನು ಮಾತ್ರ ಎಲ್ಲರೂ ಒಂದೇ ಥರ ಹೇಳುತ್ತಾರೆ.

ಈಗಲೂ ಹುರುಳಿಗುಡ್ಡದಲ್ಲಿ ಆಯುಧಪೂಜೆಯ ದಿನ ಆಯುಧಕ್ಕೆ ಕುಂಕುಮ ಇಡುತ್ತಾರೆ, ವಿಭೂತಿ ಸೋಕಿಸುವುದಿಲ್ಲ. ಕುಡುಗೋಲಿಗೂ ಇಲ್ಲ. ಎಷ್ಟು ದೊಡ್ಡವರು ಬಂದರೂ ಒಂದು ಪಟಾಕಿಯೂ ಹಾರುವುದಿಲ್ಲ. ಆ ಊರಿಂದ ಪೊಲೀಸಿಗೆ, ಮಿಲಿಟರಿಗೆ ಹೋದವರು ತುಂಬ ಜನ. ರಜೆಗೆ ಬಂದವನನ್ನು ಕಟ್ಟೆಯ ಮೇಲಿನ ಮುದುಕರು ಸಂಬಳ ಎಷ್ಟೆಂದು ಕೇಳುವುದಿಲ್ಲ, ಮದುವೆಯ ಮಾತೆತ್ತುವುದಿಲ್ಲ. ಈ ವರ್ಷ ಕಲಿಯಲು ಎಷ್ಟು ಗುಂಡು ಕೊಟ್ಟರು ಎಂದು ಕೇಳುತ್ತಾರೆ. ಹತ್ತು ಎಂದು ಅವನು ತಲೆ ತಗ್ಗಿಸಿದರೆ, ಇನ್ನೊಂದು ಪ್ರಶ್ನೆ ಬರುತ್ತದೆ.

"ಉಳಿದದ್ದು ಯಾರ ಬಾಗಿಲಲ್ಲಿ ಹಾರಿಸಿದರಪ್ಪ?"