ಗದ್ದುಗೆಗೆ ಏರಿದ ಹಣ್ಣು

ಹೊಳೆದಂಡೆಯ ಒಂದು ಮಠದಲ್ಲಿ ಮರುಳಯ್ಯಜ್ಜ ಎಂಬ ಗುರುಗಳಿದ್ದರು. ಅವರ ಜಪತಪವೆಲ್ಲ ಟೊಮೆಟೊ ಗಿಡದ ಬುಡದಲ್ಲೇ.

ಆಚೆ ದಂಡೆಯ ಅಂಬಿಗರ ಕೇರಿಯ ಮಕ್ಕಳಿಗೆ ಇರುಳುಗುರುಡು. ಗಂಜಿಯ ಹೊರತು ಬೇರೆ ತಿನಿಸು ಕಾಣದ ಮಕ್ಕಳು. ಅಜ್ಜ ದೀಪದ ಬತ್ತಿಯ ತುದಿಯಿಂದ ಒಂದು ಹೂವಿನ ಧೂಳನ್ನು ಇನ್ನೊಂದಕ್ಕೆ ಮುಟ್ಟಿಸಿ, ವರ್ಷವರ್ಷವೂ ಕಾವಿ ಬಣ್ಣ ಗಾಢವಾದ, ಮಕ್ಕಳು ಇನ್ನೊಂದು ಬೇಡುವಂಥ ಹಣ್ಣನ್ನೇ ಆರಿಸಿ ಬೀಜ ತೆಗೆದು, ಒಂದು ತಳಿ ಕಟ್ಟಿದ್ದರು. ಅದನ್ನು ತಿಂದ ಮಕ್ಕಳು ಕತ್ತಲಾದ ಮೇಲೂ ಅಂಗಳದಲ್ಲಿ ಆಡತೊಡಗಿದ್ದವು.

ಅಜ್ಜನ ಮೊಣಕಾಲು ಸೋತ ಮೇಲೆ ತೋಟ ಶಿಷ್ಯ ಪಂಪಯ್ಯನ ಕೈಗೆ ಬಂತು. ಮೈಬಗ್ಗಿಸಿ ದುಡಿಯುವವನು. ಭಕ್ತಿ ಮಾತ್ರ ಒಂದು ಹಿಡಿ ಜಾಸ್ತಿ.

ಕೆಲವು ವರ್ಷ ಕಳೆದ ಮೇಲೆ ಒಂದು ಸಂಜೆ ಅಂಬಿಗರ ದುರುಗವ್ವ ಮಗಳ ಕೈಹಿಡಿದು ಮಠಕ್ಕೆ ಬಂದಳು. ಹುಡುಗಿ ಹೊಸ್ತಿಲು ಎಡವಿದಳು.

ಈ ಸಲವೂ ಮಠದ ಹಣ್ಣೇ ತಿನ್ನಿಸಿದೆ, ಒಲ್ಲೆ ಅಂದರೂ ಬಾಯಿಗೆ ತುರುಕಿದೆ, ಕಣ್ಣು ಮಾತ್ರ ತಿಳಿಯಾಗಲಿಲ್ಲ ಎಂದಳು ತಾಯಿ. ತಾನು ದೋಣಿ ನಡೆಸಲು ಹೋದಾಗ ಹಿರಿಯ ಮಗ ಮುಸ್ಸಂಜೆಯಲ್ಲಿ ದಂಡೆ ಅಂದುಕೊಂಡು ನೀರಿಗೆ ಕಾಲಿಟ್ಟಿದ್ದ. ಹೋದ ತಿಂಗಳು ಹೂಳಿದ್ದಾಗಿತ್ತು. ಉಳಿದವಳು ಇವಳೊಬ್ಬಳೇ.

ಅಜ್ಜ ಪಂಪಯ್ಯನ ಕೈಲಿ ಹಣ್ಣು ತರಿಸಿ ಕಚ್ಚಿದರು. ಬರೀ ನೀರು.

“ಬೀಜ ಯಾವ ಹಣ್ಣಿಂದ ತಗೀತಿ?”

“ಉಳಿದದ್ರಿಂದ, ಅಜ್ಜಾರ.”

“ಉಳಿದದ್ದು ಅಂದ್ರ?”

ಪಂಪಯ್ಯ ಹಿಗ್ಗಿನಿಂದಲೇ ವಿವರಿಸಿದ. ಅಜ್ಜ ಬಿರುಕುಬಿಟ್ಟ ಹಣ್ಣನ್ನು ದೊಡ್ಡಗುರುಗಳ ಸಮಾಧಿಯ ಗದ್ದುಗೆಗೆ ಏರಿಸುತ್ತಿದ್ದದ್ದು ಮೊದಲಿಂದಲೂ ಅವನ ಮನಸ್ಸಿಗೆ ಚುಚ್ಚುತ್ತಿತ್ತಂತೆ. ತೋಟ ಕೈಗೆ ಬಂದಾಗಿನಿಂದ ರುಚಿ ನೋಡಿ, ಬಣ್ಣ ನೋಡಿ, ಎಲ್ಲಕ್ಕಿಂತ ಒಳ್ಳೆಯ ಗಿಡಗಳ ಹಣ್ಣನ್ನು ಪೂರ್ತಿ ಗದ್ದುಗೆಗೇ ಮೀಸಲಿಟ್ಟಿದ್ದ. ಗದ್ದುಗೆಗೆ ಏರಿದ್ದನ್ನು ತಿನ್ನಬಾರದು, ನೆಲಕ್ಕೆ ಬೀಳಿಸಬಾರದು, ಹೊಳೆಗೇ ಬಿಡಬೇಕೆಂಬುದು ಆ ಮಠದ ರೂಢಿ. ದಿನಾ ಬೆಳಗ್ಗೆ ತಪ್ಪದೆ ಬಿಟ್ಟಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು.

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಹುಡುಗಿ ಎದುರಿಗೇ ಕೂತಿದ್ದಳು, ನೋಟ ಎತ್ತಲೋ ಇತ್ತು.

“ಹಳೇ ಬೀಜ ಇಟ್ಟೀರೇನು, ಅಜ್ಜಾರ?”

“ಇದ್ದದ್ದೆಲ್ಲ ನಿನಗ ಕೊಟ್ಟಿದ್ದೆ.”

ಪಂಪಯ್ಯ ಅಜ್ಜನ ಕಾಲು ಹಿಡಿದು, ಗದ್ದುಗೆಯ ಮುಂದೆ ಉಪವಾಸ ಕೂರುತ್ತೇನೆ, ಉರುಳುಸೇವೆ ಮಾಡುತ್ತೇನೆ ಎಂದು ಅತ್ತ. ಕೊನೆಗೆ ಅವನು, ಅಂಥ ಹಣ್ಣು ಮತ್ತೆ ಬರಲು ಎಷ್ಟು ವರ್ಷ ಬೇಕು ಎಂದು ಕೇಳಿದ.

ಅಜ್ಜ ತಮ್ಮ ಕಾಲಿನಿಂದ ಅವನ ಕೈ ಬಿಡಿಸಿದರು. ಹುಡುಗಿಯ ಕೈಯನ್ನು ಅದರಲ್ಲಿಟ್ಟರು.

“ಇಕಿ ಅವ್ವ ದೋಣಿಗೆ ಹೋಗಿ ಹುಟ್ಟು ಹಾಕಬೇಕು. ಆ ಹಣ್ಣು ತಿರುಗಿ ಬರೂತನಕ, ಸಂಜಿಮುಂದ ಈ ಕೈ ಬಿಡಬ್ಯಾಡ.”