ಒಂದು ಮಾತಿನ ಓಲೆ

ನದಿಯಾಚೆ ಸೆರೆಮನೆ, ಈಚೆ ರಾಚವ್ವನ ಆಶ್ರಮ.

ಕೊಲೆ ಮಾಡಿ ಸೆರೆ ಸೇರಿದವರನ್ನು ಬಿಡುವ ಮೊದಲು ನಾಯಕರು ರಾಚವ್ವನನ್ನೇ ಕೇಳುತ್ತಿದ್ದರು, ಇವನು ಮತ್ತೆ ಕೈ ಎತ್ತುತ್ತಾನೆಯೇ ಎಂದು. ಮೂವತ್ತು ವರ್ಷ ಅವಳದು ಅದೇ ಕೆಲಸ. ಈ ಸಲ ದುಗ್ಗನೆಂಬ ಸೆರೆಯಾಳನ್ನು ನೋಡಿಬರಲು ಶಿಷ್ಯ ಕೇತಯ್ಯನೊಬ್ಬನನ್ನೇ ಕಳಿಸಿದಳು.

ಏಳು ದಿನ ಕಳೆದು ಹಿಂತಿರುಗಿದ ಕೇತಯ್ಯ ಊಟಕ್ಕೇ ಬರಲಿಲ್ಲ.

"ದುಗ್ಗನ ಬಗ್ಗೆ ಏನು ಬರೆದೆ?" ಎಂದಳು ರಾಚವ್ವ.

"ಕ್ರೂರಿ, ಅಂತ."

"ಅಷ್ಟೇನಾ?"

"ಅಷ್ಟೇ ತಾಯಿ."

"ಅವನು ಯಾರ ಮೇಲೆ ಕೈ ಎತ್ತುತ್ತಾನೆ?"

"ಕುಡಿದಿದ್ದಾಗ, ಹಂಗಿಸಿದವರ ಮೇಲೆ."

"ಕುಡಿಯದಿದ್ದಾಗ?"

"ಸೆರೆಯ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲ. ಕಾವಲಿನವನು ಒದ್ದಾಗ ಗೋಡೆಯ ಕಡೆ ತಿರುಗಿ ಕೂತುಬಿಟ್ಟನಂತೆ."

"ಹೊರಗೆ ಬಂದರೆ ಕುಡಿಯುತ್ತಾನಾ?"

"ತನ್ನ ಊರಿಗೆ ಹೋದರೆ ಹಳೇ ಗೆಳೆಯರು ಬಿಡುವುದಿಲ್ಲ. ಅಕ್ಕನ ಊರಾದರೆ ಕುಡಿಯಲಾರ. ಅಕ್ಕ ಅಂದರೆ ಅವನಿಗೆ ಭಯ."

"ಇಷ್ಟೆಲ್ಲ ತಿಳಿದವನು ಒಂದೇ ಮಾತು ಬರೆದೆ. ಅದು ಯಾರ ಮಾತು?"

ಕೇತಯ್ಯನ ತಲೆ ತಗ್ಗಿತು. "ದಳವಾಯಿಗಳದು. ದುಗ್ಗನ ಕೈಯಲ್ಲಿ ಸತ್ತವನು ಅವರ ತಂಗಿಯ ಮಗ. ಓಲೆ ಬರೆದೇ ಇಟ್ಟಿದ್ದರು. ನಾನು ಹೆದರಿ ಅಂಕಿತ ಹಾಕಿದೆ."

ರಾಚವ್ವ ಬೈಯಲಿಲ್ಲ. ಕೋಲು ಊರಿಕೊಂಡು ದೋಣಿಯತ್ತ ಇಳಿದಳು. ಕೇತಯ್ಯ ಹಿಂದೆಯೇ ನಡೆದ.

ಚಾವಡಿಯಲ್ಲಿ ನಾಯಕರು ಕುಳಿತಿದ್ದರು, ಪಕ್ಕದಲ್ಲಿ ದಳವಾಯಿ. ಗುರು ಬಾಯಿ ತೆರೆಯುವ ಮೊದಲೇ ಕೇತಯ್ಯ ಮುಂದೆ ಬಂದ.

"ಬುದ್ಧೀ, ನಾನು ಕೊಟ್ಟ ಓಲೆ ನನ್ನದಲ್ಲ. ಅದನ್ನು ಹಿಂದಕ್ಕೆ ಕೊಡಿ."

ದಳವಾಯಿ ನಕ್ಕ. "ಹುಡುಗನಿಗೆ ಬಾಯಿ ಬಂತು. ಹಾಗಾದರೆ ದುಗ್ಗ ಮತ್ತೆ ಕೊಲ್ಲುವುದಿಲ್ಲ ಅಂತ ಬರೆದುಕೊಡು ನೋಡೋಣ!"

"ಅದನ್ನೂ ಬರೆಯಲಾರೆ."

"ಮತ್ತೇನು ಬರೆಯುತ್ತೀ?"

"ಅಕ್ಕನ ಊರಿಗೆ ಕಳಿಸಿ. ಹೆಂಡದಂಗಡಿಯ ಹತ್ತಿರ ಸುಳಿಯದಂತೆ ಕಟ್ಟುಮಾಡಿ. ತಿಂಗಳಿಗೊಮ್ಮೆ ನಾನೇ ಹೋಗಿ ನೋಡುತ್ತೇನೆ. ಕುಡಿದದ್ದು ಕಂಡರೆ ನಾನೇ ಬಂದು ಹೇಳುತ್ತೇನೆ. ನನಗೆ ಗೊತ್ತಿರುವುದು ಇಷ್ಟು. ಇದಕ್ಕಿಂತ ಹೆಚ್ಚು ಬರೆಸಬೇಕಾದರೆ ಬೇರೆಯವರನ್ನು ಹುಡುಕಿಕೊಳ್ಳಿ."



ನಾಯಕರು ಹಳೆಯ ಓಲೆಯನ್ನು ತರಿಸಿ ಕೇತಯ್ಯನ ಕೈಗೆ ಕೊಟ್ಟರು. ಅವನು ಅದನ್ನು ಎಲ್ಲರೆದುರು ಮುರಿದುಹಾಕಿ, ಅಲ್ಲೇ ಕೂತು ಹೊಸದನ್ನು ಬರೆದ. ನಾಯಕರು ಎರಡು ಸಲ ಓದಿದರು.

"ಹೀಗೇ ಆಗಲಿ" ಎಂದರು.

ಸಂಜೆಯೊಳಗೆ ದುಗ್ಗನ ಬೇಡಿ ಕಳಚಿತು. ಅವನ ಅಕ್ಕ ಬಂದು ಕೈಹಿಡಿದು ಕರೆದುಕೊಂಡು ಹೋದಳು.

ಗುರುಶಿಷ್ಯರು ದೋಣಿಯ ಹತ್ತಿರ ಬಂದಾಗ ದಳವಾಯಿ ದಾರಿಗೆ ಅಡ್ಡ ನಿಂತಿದ್ದ. ಕೈ ಕತ್ತಿಯ ಹಿಡಿಯ ಮೇಲಿತ್ತು.

"ಅವನಿಂದ ಒಂದು ತೊಟ್ಟು ರಕ್ತ ಬಿದ್ದರೂ ನಿನ್ನ ತಲೆ ಉಳಿಯದು."

ಕೇತಯ್ಯ ಹಿಂದೆ ಸರಿಯಲಿಲ್ಲ.

ರಾಚವ್ವ ದಳವಾಯಿಯ ಕೈಯನ್ನೇ ನೋಡುತ್ತ ಹೇಳಿದಳು:

"ಕೇತಯ್ಯ, ಇನ್ನೊಂದು ಓಲೆ ತೆಗೆ. ದಳವಾಯಿಗಳು ಯಾವಾಗ, ಯಾರ ಮೇಲೆ ಕೈ ಎತ್ತುತ್ತಾರೆ, ಅದನ್ನೂ ನಾಯಕರಿಗೆ ಬರೆಯಬೇಕು."